ಎಲ್‌ಇಡಿ ಕೈದೀಪಗಳ ಬ್ಯಾಟರಿ: ಆಯ್ಕೆ, ಚಾರ್ಜಿಂಗ್ ಮತ್ತು ಪಾಲನೆ

ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ



ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಮ್ಮ ಭಾಗದ ಗದ್ದೆಗಳನ್ನು ಹಗಲಿನಲ್ಲಿಯೇ ತಲುಪಬೇಕೆಂಬ ನಿಯಮವಿಲ್ಲ. ಪಾಳಿ ರಾತ್ರಿ ಬಂದರೆ ರೈತನು ರಾತ್ರಿಯೇ ಬದುವಿನ ಮೇಲೆ ನಡೆಯಬೇಕು. ಕುಡಿಯುವ ನೀರಿನ ವಾಲ್ವ್ ತಿರುಗಿಸುವ ನೀರುಗಂಟಿ ಬೆಳಕು ಹರಿಯುವ ಮುನ್ನವೇ ಮನೆ ಬಿಡುತ್ತಾನೆ. ಬಸವಸಾಗರ ಜಲಾಶಯದಿಂದ ಕೃಷ್ಣಾ ನದಿಗೆ ಹೆಚ್ಚಿನ ನೀರು ಹರಿದಾಗ ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಗಳ ಸಂಪರ್ಕ ಕಡಿದುಹೋಗುತ್ತದೆ. ಅಂತಹ ರಾತ್ರಿಗಳಲ್ಲಿ ವಿದ್ಯುತ್ ಇರುವ ಭರವಸೆಯೂ ಇರುವುದಿಲ್ಲ. ಈ ಎಲ್ಲ ಸಂದರ್ಭಗಳಲ್ಲಿ ಕೈಯಲ್ಲಿರುವ ದೀಪವೇ ಆಧಾರ.

ಈ ಆಧಾರವು ಎಷ್ಟು ಮುಖ್ಯವೆಂಬುದಕ್ಕೆ ಒಂದು ಅಂಶವನ್ನು ಗಮನಿಸಬಹುದು. 2000ರಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಡಿತದಿಂದ ಮೃತಪಟ್ಟಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಇವರಲ್ಲಿ ಬಹುಪಾಲು ಜನರು ಗ್ರಾಮೀಣರು. ಸಾವುಗಳಲ್ಲಿ ಸುಮಾರು ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿಯೇ ಸಂಭವಿಸಿವೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಬದುವಿನ ಅರ್ಧ ದಾರಿಯಲ್ಲಿ ಮಂಕಾಗುವ ದೀಪವು ಕೇವಲ ಖರೀದಿಯ ನಷ್ಟವಲ್ಲ, ಜೀವಕ್ಕೆ ಅಪಾಯ.

ಆದುದರಿಂದ ಗ್ರಾಮ ಪಂಚಾಯಿತಿಗಳು ಕೈದೀಪಗಳನ್ನು ಖರೀದಿಸುವಾಗ ಹಾಗೂ ಬಳಸುವಾಗ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

1. ದೀಪಕ್ಕಿಂತ ಮೊದಲು ಕೆಡುವುದು ಬ್ಯಾಟರಿ

ಎಲ್‌ಇಡಿ ದೀಪವು ಸರಿಯಾಗಿ ತಯಾರಾಗಿದ್ದಲ್ಲಿ ಸಾವಿರಾರು ಗಂಟೆಗಳ ಕಾಲ ಉರಿಯುತ್ತದೆ. ಆದರೂ ವರ್ಷ ತುಂಬುವ ಮೊದಲೇ ಕೈದೀಪಗಳು ಕಚೇರಿಯ ಮೂಲೆ ಸೇರುವುದನ್ನು ಕಾಣುತ್ತೇವೆ. ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಕೆಟ್ಟಿರುವುದು ದೀಪವಲ್ಲ, ಒಳಗಿನ ಬ್ಯಾಟರಿ. ಬ್ಯಾಟರಿ ಬೇಗನೆ ಕೆಡಲು ಮುಖ್ಯ ಕಾರಣಗಳು ನಾಲ್ಕು: ಅತಿಯಾದ ಬಿಸಿ, ಪೂರ್ತಿ ಬರಿದಾಗುವವರೆಗೆ ಬಳಸುವುದು, ಬರಿದಾದ ಮೇಲೆ ಹಾಗೆಯೇ ಬಿಟ್ಟುಬಿಡುವುದು ಮತ್ತು ಹೊಂದದ ಚಾರ್ಜರ್. ಕೊನೆಯ ಮೂರು ನಮ್ಮ ಕೈಯಲ್ಲಿವೆ. ಮೊದಲನೆಯದನ್ನು ತಪ್ಪಿಸಲಾಗದು, ಆದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಸೂಕ್ತ ಬ್ಯಾಟರಿಯನ್ನು ಆರಿಸಬಹುದು.

2. ಬ್ಯಾಟರಿಯ ಮೇಲಿನ ಬರಹವನ್ನು ಓದುವ ಬಗೆ

ಬ್ಯಾಟರಿಯ ಮೇಲೆ ಎರಡು ಸಂಖ್ಯೆಗಳಿರುತ್ತವೆ. ಒಂದು ವೋಲ್ಟ್, ಇನ್ನೊಂದು ಆಂಪಿಯರ್-ಗಂಟೆ. ಸಣ್ಣ ಸೆಲ್‌ಗಳ ಮೇಲೆ ಎರಡನೆಯದನ್ನು ಮಿಲಿ ಆಂಪಿಯರ್-ಗಂಟೆಯಲ್ಲಿ ಬರೆದಿರುತ್ತಾರೆ. 1000 ಮಿಲಿ ಆಂಪಿಯರ್-ಗಂಟೆ ಎಂದರೆ 1 ಆಂಪಿಯರ್-ಗಂಟೆ. ಕೇವಲ ಆಂಪಿಯರ್-ಗಂಟೆಯನ್ನು ನೋಡಿ ಎರಡು ದೀಪಗಳನ್ನು ಹೋಲಿಸುವುದು ತಪ್ಪು. ವೋಲ್ಟ್ ಮತ್ತು ಆಂಪಿಯರ್-ಗಂಟೆಗಳನ್ನು ಗುಣಿಸಿದಾಗ ಬರುವ ವ್ಯಾಟ್-ಗಂಟೆಯೇ ಬ್ಯಾಟರಿಯಲ್ಲಿರುವ ಶಕ್ತಿಯ ನಿಜವಾದ ಅಳತೆ. ಕಾಳಿನ ಚೀಲವನ್ನು ಉದ್ದದಿಂದಲ್ಲದೆ ತೂಕದಿಂದ ಕೊಳ್ಳುವಂತೆ, ಬ್ಯಾಟರಿಯನ್ನು ವ್ಯಾಟ್-ಗಂಟೆಯಿಂದ ಅಳೆಯಬೇಕು.

ಉದಾಹರಣೆ: 6 ವೋಲ್ಟ್, 4.5 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 27 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. 3.2 ವೋಲ್ಟ್, 6 ಆಂಪಿಯರ್-ಗಂಟೆಯ ಸೆಲ್‌ನಲ್ಲಿ 19.2 ವ್ಯಾಟ್-ಗಂಟೆ ಇರುತ್ತದೆ. ಆದರೆ ಇದರಲ್ಲಿ ಎಷ್ಟನ್ನು ಬಳಸಬಹುದೆಂಬುದು ಬ್ಯಾಟರಿಯ ಜಾತಿಯನ್ನು ಅವಲಂಬಿಸಿದೆ.

3. ಮಾರುಕಟ್ಟೆಯಲ್ಲಿ ದೊರೆಯುವ ನಾಲ್ಕು ಬಗೆಗಳು

(ಅ) ಮುಚ್ಚಿದ ಸೀಸ-ಆಮ್ಲ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಬ್ಯಾಟರಿಯ ವಂಶದ್ದು ಇದು. ಕೈದೀಪಗಳಲ್ಲಿ 4 ಅಥವಾ 6 ವೋಲ್ಟ್‌ನವು ಬಳಕೆಯಲ್ಲಿವೆ. ಬೆಲೆ ಕಡಿಮೆ, ತೂಕ ಹೆಚ್ಚು. ಅರ್ಧಕ್ಕಿಂತ ಹೆಚ್ಚು ಬಳಸಿದಷ್ಟೂ ಆಯುಷ್ಯ ಕುಗ್ಗುತ್ತದೆ. ಬರಿದಾದ ಸ್ಥಿತಿಯಲ್ಲಿ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಪದರ ಗಟ್ಟಿಯಾಗಿ, ಬ್ಯಾಟರಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಚುನಾವಣೆ ಅಥವಾ ಪ್ರವಾಹದ ನಂತರ ಕಪಾಟಿನಲ್ಲಿಟ್ಟ ದೀಪಗಳು ಮುಂದಿನ ವರ್ಷ ಉರಿಯದಿರುವುದು ಇದರಿಂದಲೇ.

(ಆ) ನಿಕಲ್-ಮೆಟಲ್ ಹೈಡ್ರೈಡ್. ಗೋಡೆ ಗಡಿಯಾರ, ರಿಮೋಟ್‌ಗಳಿಗೆ ಹಾಕುವ ಪೆನ್ಸಿಲ್ ಸೆಲ್‌ನ ಆಕಾರದಲ್ಲಿ ದೊರೆಯುತ್ತವೆ. ಒಂದು ಸೆಲ್ 1.2 ವೋಲ್ಟ್. ಸಾಮಾನ್ಯ ಸೆಲ್‌ಗಳು ಸುಮ್ಮನೆ ಇಟ್ಟರೂ ತಿಂಗಳಿಗೆ ಶೇ. 20ರಿಂದ 30ರಷ್ಟು ಸೋರಿಹೋಗುತ್ತವೆ. ಕಡಿಮೆ ಸೋರುವ ವಿಶೇಷ ಬಗೆಯ ಸೆಲ್‌ಗಳು ಒಂದು ವರ್ಷದ ನಂತರವೂ ಶೇ. 70ಕ್ಕಿಂತ ಹೆಚ್ಚು ಚಾರ್ಜ್ ಉಳಿಸಿಕೊಳ್ಳುತ್ತವೆ.

(ಇ) ಲಿಥಿಯಂ-ಅಯಾನ್. 1991ರಲ್ಲಿ ಮಾರುಕಟ್ಟೆಗೆ ಬಂದಿತು. ಇದರ ಅಭಿವೃದ್ಧಿಗಾಗಿ ಗುಡೆನಫ್, ವಿಟಿಂಗ್‌ಹ್ಯಾಮ್ ಮತ್ತು ಯೊಶಿನೊ ಅವರಿಗೆ 2019ರ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. ಮೊಬೈಲ್ ಫೋನುಗಳಲ್ಲಿರುವುದು ಇದೇ. ಒಂದು ಸೆಲ್ 3.7 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಹಗುರ, ಹೆಚ್ಚು ಶಕ್ತಿ. ಆದರೆ ಅತಿಯಾಗಿ ಚಾರ್ಜ್ ಆದಲ್ಲಿ ಅಥವಾ ಜಜ್ಜಿದಲ್ಲಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

(ಈ) ಲಿಥಿಯಂ ಐರನ್ ಫಾಸ್ಫೇಟ್. ಇದೂ ಲಿಥಿಯಂ ವರ್ಗದ್ದೇ, ಆದರೆ ಒಳಗಿನ ರಸಾಯನ ಬೇರೆ. ಒಂದು ಸೆಲ್ 3.2 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 3.65 ವೋಲ್ಟ್. ಮೊದಲಿನದಕ್ಕಿಂತ ಸ್ವಲ್ಪ ದೊಡ್ಡದು. ಬಿಸಿಯನ್ನು ಹೆಚ್ಚು ತಾಳುತ್ತದೆ, ಸುಲಭವಾಗಿ ಬೆಂಕಿ ಹಿಡಿಯುವುದಿಲ್ಲ. ಉತ್ತಮ ಸೆಲ್‌ಗಳು 2000 ಬಾರಿ ಚಾರ್ಜ್ ಆಗುವಷ್ಟು ಬಾಳುತ್ತವೆ.

ಸಾಧಾರಣ ಬಿಸಾಡುವ ಸೆಲ್‌ಗಳು ಈ ನಾಲ್ಕರಲ್ಲಿ ಸೇರಿಲ್ಲ. ಅವುಗಳನ್ನು ಎಂದಿಗೂ ಚಾರ್ಜ್ ಮಾಡಕೂಡದು, ಸೋರಬಹುದು, ಸಿಡಿಯಬಹುದು.

4. ನಮ್ಮ ಬಿಸಿಲಿಗೆ ಒಗ್ಗುವುದು ಯಾವುದು?

ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತಗಡಿನ ಮಾಳಿಗೆಯ ಪಂಪ್ ಕೊಠಡಿಯೊಳಗೆ ಅದಕ್ಕಿಂತಲೂ ಹೆಚ್ಚು. ಬ್ಯಾಟರಿ ತಯಾರಕರು ಘೋಷಿಸುವ ಆಯುಷ್ಯವಾದರೋ ಸಾಮಾನ್ಯವಾಗಿ 25 ಡಿಗ್ರಿಗೆ ಸಂಬಂಧಿಸಿದ್ದು. ಸೀಸ-ಆಮ್ಲ ಬ್ಯಾಟರಿಯ ಆಯುಷ್ಯವು ಅಲ್ಲಿಂದ ಪ್ರತಿ 10 ಡಿಗ್ರಿ ಏರಿದಂತೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂದರೆ 25 ಡಿಗ್ರಿಯಲ್ಲಿ 4 ವರ್ಷ ಬಾಳುವುದು 35 ಡಿಗ್ರಿಯಲ್ಲಿ 2 ವರ್ಷ, ಸದಾ 45 ಡಿಗ್ರಿಯಲ್ಲಿದ್ದರೆ 1 ವರ್ಷ ಮಾತ್ರ. ನಿಕಲ್ ಸೆಲ್‌ಗಳು 40 ಡಿಗ್ರಿ ದಾಟಿದಲ್ಲಿ ಚಾರ್ಜನ್ನು ಸರಿಯಾಗಿ ಹಿಡಿಯುವುದಿಲ್ಲ. ಲಿಥಿಯಂ ಸೆಲ್‌ಗಳನ್ನೂ 45 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಚಾರ್ಜ್ ಮಾಡಬಾರದು.

ಹೀಗಾಗಿ ಬಳಕೆಯನ್ನು ನೋಡಿ ಆಯ್ಕೆ ಮಾಡುವುದು ಸೂಕ್ತ:

• ಪ್ರತಿದಿನ ಬಳಸುವ ದೀಪ (ನೀರುಗಂಟಿ, ಪಂಪ್ ಚಾಲಕ): ಲಿಥಿಯಂ ಐರನ್ ಫಾಸ್ಫೇಟ್.
• ವರ್ಷಕ್ಕೆ ಕೆಲವೇ ಬಾರಿ ಬಳಸುವ ತುರ್ತು ದೀಪ: ಲಿಥಿಯಂ ಐರನ್ ಫಾಸ್ಫೇಟ್ ಅಥವಾ ಕಡಿಮೆ ಸೋರುವ ನಿಕಲ್ ಸೆಲ್. ಸೀಸ-ಆಮ್ಲ ಬೇಡ.
• ನಡುಗಡ್ಡೆ ಹಾಗೂ ನದಿ ತೀರದ ಗ್ರಾಮಗಳು: ಕೆಲವು ದೀಪಗಳಾದರೂ ಪೆನ್ಸಿಲ್ ಸೆಲ್ ಹಾಕುವಂಥವು ಇರಲಿ. ದಿನಗಟ್ಟಲೆ ವಿದ್ಯುತ್ ಇಲ್ಲದಾಗ, ಕಿರಾಣಿ ಅಂಗಡಿಯ ಸಾಧಾರಣ ಸೆಲ್ ಹಾಕಿಯಾದರೂ ಅವನ್ನು ಉರಿಸಬಹುದು.
• ಒಂದೇ ಸ್ಥಳದಲ್ಲಿರುವ, ಪ್ರತಿದಿನ ಚಾರ್ಜ್ ಆಗುವ ದೊಡ್ಡ ದೀಪ: ತಂಪಾದ ಕೊಠಡಿಯಿದ್ದಲ್ಲಿ ಸೀಸ-ಆಮ್ಲವೂ ನಡೆಯುತ್ತದೆ.

5. ಎಷ್ಟು ಸಾಮರ್ಥ್ಯ ಬೇಕು?

ಲೆಕ್ಕ ಸರಳ. ಬ್ಯಾಟರಿಯ ವ್ಯಾಟ್-ಗಂಟೆಯಲ್ಲಿ ಬಳಸಬಹುದಾದ ಪಾಲನ್ನು ತೆಗೆದುಕೊಳ್ಳಬೇಕು. ದೀಪದ ಒಳಗಿನ ಸರ್ಕ್ಯೂಟ್‌ನಲ್ಲಿ ಸುಮಾರು ಶೇ. 15 ನಷ್ಟವಾಗುವುದೆಂದು ಕಳೆಯಬೇಕು. ಉಳಿದುದನ್ನು ದೀಪದ ವ್ಯಾಟ್‌ನಿಂದ ಭಾಗಿಸಬೇಕು. 3 ವ್ಯಾಟ್ ದೀಪಕ್ಕೆ ಹೋಲಿಕೆ ಇಂತಿದೆ:

| ಬ್ಯಾಟರಿ | ಒಟ್ಟು ವ್ಯಾಟ್-ಗಂಟೆ | ಬಳಸಬಹುದಾದ ಪಾಲು | ಉರಿಯುವ ಅವಧಿ |
|---|---|---|---|
| ಸೀಸ-ಆಮ್ಲ, 6 ವೋಲ್ಟ್, 4.5 ಆಂಪಿಯರ್-ಗಂಟೆ | 27 | ಶೇ. 50 | ಸುಮಾರು 3.8 ಗಂಟೆ |
| ಲಿಥಿಯಂ ಐರನ್ ಫಾಸ್ಫೇಟ್, 3.2 ವೋಲ್ಟ್, 6 ಆಂಪಿಯರ್-ಗಂಟೆ | 19.2 | ಶೇ. 80 | ಸುಮಾರು 4.4 ಗಂಟೆ |
| ನಿಕಲ್, 4 ಪೆನ್ಸಿಲ್ ಸೆಲ್, ತಲಾ 2 ಆಂಪಿಯರ್-ಗಂಟೆ | 9.6 | ಶೇ. 80 | ಸುಮಾರು 2.2 ಗಂಟೆ |

ಕಾಗದದ ಮೇಲೆ ದೊಡ್ಡದಾಗಿ ಕಾಣುವ ಸೀಸದ ಬ್ಯಾಟರಿಗಿಂತ ಚಿಕ್ಕದಾದ ಫಾಸ್ಫೇಟ್ ಸೆಲ್ ಹೆಚ್ಚು ಹೊತ್ತು ಬೆಳಕು ನೀಡುವುದನ್ನು ಇಲ್ಲಿ ಗಮನಿಸಬೇಕು. ಸೀಸದ ಬ್ಯಾಟರಿಯನ್ನು ಪೂರ್ತಿ ಹಿಂಡಿದರೆ ಒಂದು ರಾತ್ರಿ ಹೆಚ್ಚು ಉರಿದೀತು. ಆದರೆ ಅದರ ಬೆಲೆಯನ್ನು ಆಯುಷ್ಯದಿಂದ ತೆರಬೇಕಾಗುತ್ತದೆ.

ಬೆಲೆಯನ್ನೂ ಇದೇ ರೀತಿ ಹೋಲಿಸಬೇಕು. ಲೆಕ್ಕದ ಅನುಕೂಲಕ್ಕಾಗಿ ಸೀಸದ ಬ್ಯಾಟರಿಯ ಬೆಲೆ 1 ಪಾಲು, ಫಾಸ್ಫೇಟ್‌ನದು 2.5 ಪಾಲು ಎಂದಿಟ್ಟುಕೊಳ್ಳೋಣ. ಮೊದಲನೆಯದು 400 ರಾತ್ರಿ, ಎರಡನೆಯದು 2000 ರಾತ್ರಿ ಬಾಳಿದರೆ, ಪ್ರತಿ ರಾತ್ರಿಯ ವೆಚ್ಚದಲ್ಲಿ ಎರಡನೆಯದೇ ಅರ್ಧದಷ್ಟು ಅಗ್ಗ. ಕಡಿಮೆ ದರ ನಮೂದಿಸಿದವರ ದೀಪವೇ ಅಗ್ಗದ ದೀಪವೆಂದು ಭಾವಿಸಬಾರದು.

6. ಚಾರ್ಜ್ ಮಾಡುವ ಕ್ರಮ

ಪ್ರತಿ ಜಾತಿಯ ಬ್ಯಾಟರಿಗೂ ಅದರದೇ ಆದ ಚಾರ್ಜರ್ ಇದೆ. ಪ್ಲಗ್ ಹೊಂದಿತೆಂಬ ಮಾತ್ರಕ್ಕೆ ಚಾರ್ಜರ್ ಹೊಂದಿತೆಂದು ಅರ್ಥವಲ್ಲ.

ಸೀಸ-ಆಮ್ಲ: 6 ವೋಲ್ಟ್ ಬ್ಯಾಟರಿಗೆ ಚಾರ್ಜಿಂಗ್ ವೋಲ್ಟೇಜ್ 7.2ರಿಂದ 7.35 ಇರಬೇಕು, 40 ಡಿಗ್ರಿ ಬಿಸಿಯಲ್ಲಿ ಸುಮಾರು 7.0 ಸಾಕು. ಸದಾ ಪ್ಲಗ್‌ನಲ್ಲಿಯೇ ಇರುವ ದೀಪಕ್ಕೆ 6.8ರಿಂದ 6.9 ವೋಲ್ಟ್ ಮೀರಬಾರದು. ವೋಲ್ಟೇಜನ್ನು ನಿಯಂತ್ರಿಸದ ಅಗ್ಗದ ಚಾರ್ಜರ್‌ಗಳಲ್ಲಿ ದಿನವಿಡೀ ಬಿಟ್ಟರೆ ಒಳಗಿನ ತೇವಾಂಶ ಆರಿ ಬ್ಯಾಟರಿ ಉಬ್ಬುತ್ತದೆ. ದೀಪ ಬಳಸಿದ ದಿನವೇ ಚಾರ್ಜ್ ಮಾಡಬೇಕು, ಮರುದಿನಕ್ಕೆ ಮುಂದೂಡಬಾರದು. 6 ವೋಲ್ಟ್ ಬ್ಯಾಟರಿಯು ಉರಿಯುತ್ತಿರುವಾಗ 5.25 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು.

ನಿಕಲ್: ನಿಧಾನ ಚಾರ್ಜರ್‌ನಲ್ಲಿ ಸಾಮರ್ಥ್ಯದ ಹತ್ತನೆಯ ಒಂದು ಭಾಗದ ಕರೆಂಟಿನಲ್ಲಿ 14ರಿಂದ 16 ಗಂಟೆ ಬೇಕಾಗುತ್ತದೆ. 2000 ಮಿಲಿ ಆಂಪಿಯರ್-ಗಂಟೆಯ ಸೆಲ್‌ಗೆ 200 ಮಿಲಿ ಆಂಪಿಯರ್ ಎಂದು ಅರ್ಥ. ವೇಗದ ಚಾರ್ಜರ್ ಆದರೆ ಸೆಲ್ ತುಂಬಿದೊಡನೆ ತಾನಾಗಿ ನಿಲ್ಲುವಂಥದ್ದೇ ಇರಬೇಕು. ಹೊಸ ಮತ್ತು ಹಳೆಯ ಸೆಲ್‌ಗಳನ್ನು, ಬೇರೆ ಬೇರೆ ಸಾಮರ್ಥ್ಯದ ಸೆಲ್‌ಗಳನ್ನು ಒಂದೇ ದೀಪದಲ್ಲಿ ಬೆರೆಸಬಾರದು. ದುರ್ಬಲ ಸೆಲ್ ಮೊದಲು ಬರಿದಾಗಿ, ಉಳಿದವುಗಳ ಒತ್ತಡಕ್ಕೆ ಸಿಲುಕಿ ಕೆಡುತ್ತದೆ.

ಲಿಥಿಯಂ (ಎರಡೂ ಬಗೆ): ದೀಪದೊಂದಿಗೆ ಬಂದ ಚಾರ್ಜರ್ ಅಥವಾ ಅದೇ ನಿರ್ದಿಷ್ಟತೆಯದ್ದನ್ನು ಮಾತ್ರ ಬಳಸಬೇಕು. ಪ್ರತಿಬಾರಿ ಪೂರ್ತಿ ತುಂಬಿಸಬೇಕಾಗಿಲ್ಲ, ಪೂರ್ತಿ ಬರಿದು ಮಾಡಲೂಬಾರದು. ತಿಂಗಳುಗಟ್ಟಲೆ ಇಡುವುದಾದಲ್ಲಿ ಅರ್ಧ ಚಾರ್ಜ್‌ನಲ್ಲಿ, ತಂಪಾದ ಸ್ಥಳದಲ್ಲಿಡುವುದು ಒಳ್ಳೆಯದು. ಆದರೆ ಪ್ರವಾಹದ ಕಾಲಕ್ಕೆ ಸಿದ್ಧವಿರಬೇಕಾದ ದೀಪಗಳನ್ನು ಜೂನ್ ಆರಂಭದಲ್ಲಿ ಪೂರ್ತಿ ತುಂಬಿಸಿಡಬೇಕು.

ಮಧ್ಯಾಹ್ನದ ಬಿಸಿಯಲ್ಲಿ ಚಾರ್ಜ್ ಮಾಡುವುದಕ್ಕಿಂತ ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಮಾಡುವುದು ಎಲ್ಲ ಬಗೆಗಳಿಗೂ ಹಿತ. ಕಿಟಕಿಯ ಬಿಸಿಲಿನಲ್ಲಿ, ಹಾಸಿಗೆಯ ಮೇಲೆ, ಕಡತಗಳ ರಾಶಿಯ ಮೇಲೆ ಚಾರ್ಜಿಗೆ ಇಡಬಾರದು.

7. ಸೌರ ಫಲಕದಿಂದ ಚಾರ್ಜಿಂಗ್

ನಮ್ಮ ಭಾಗದಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 5 ಗಂಟೆಗಳ ಪೂರ್ಣ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಬಹುದು. 5 ವ್ಯಾಟ್ ಫಲಕವು, ಧೂಳು, ಬಿಸಿ ಹಾಗೂ ಇತರ ನಷ್ಟಗಳನ್ನು ಕಳೆದು, ದಿನಕ್ಕೆ ಸುಮಾರು 16 ವ್ಯಾಟ್-ಗಂಟೆ ನೀಡುತ್ತದೆ. 3 ವ್ಯಾಟ್ ದೀಪವನ್ನು 4 ಗಂಟೆ ಉರಿಸಲು ಬೇಕಾಗುವುದು ಸುಮಾರು 14 ವ್ಯಾಟ್-ಗಂಟೆ, ಅಂದರೆ ಸರಿಹೊಂದುತ್ತದೆ. ಮೋಡ ಕವಿದ ದಿನಗಳಲ್ಲಿ ಬಿಸಿಲು 3 ಗಂಟೆಗೆ ಇಳಿದರೆ ದೊರೆಯುವುದು 10 ವ್ಯಾಟ್-ಗಂಟೆಯಷ್ಟೇ. ದೀಪ ಉರಿಯುವುದು 3 ಗಂಟೆಗೂ ಕಡಿಮೆ. ದೀಪದ ಅಗತ್ಯ ಹೆಚ್ಚಿರುವ ಮಳೆಗಾಲದಲ್ಲಿಯೇ ಬಿಸಿಲು ಕಡಿಮೆ ಇರುವುದರಿಂದ, ಸೌರ ದೀಪಕ್ಕೆ ವಿದ್ಯುತ್ ಚಾರ್ಜರ್ ಸೌಲಭ್ಯವೂ ಇರಬೇಕು. ಫಲಕವನ್ನು ಬಿಸಿಲಿಗಿಡಿ, ದೀಪವನ್ನು ಮಾತ್ರ ನೆರಳಿನಲ್ಲಿಡಿ. ಫಲಕದ ಧೂಳನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

8. ಖರೀದಿಯಲ್ಲಿ ವಹಿಸಬೇಕಾದ ಎಚ್ಚರಿಕೆ

ಗ್ರಾಮ ಪಂಚಾಯಿತಿಯ ಖರೀದಿಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಟ್ಟಿರುತ್ತವೆ. "ಉತ್ತಮ ಗುಣಮಟ್ಟದ ಚಾರ್ಜಬಲ್ ದೀಪ" ಎಂದಷ್ಟೇ ಬರೆದು ದರಪಟ್ಟಿ ಕರೆದಲ್ಲಿ, ಬಂದುದನ್ನು ಸ್ವೀಕರಿಸುವುದು ಅನಿವಾರ್ಯವಾಗುತ್ತದೆ. ಆದುದರಿಂದ ನಿರ್ದಿಷ್ಟತೆಯಲ್ಲಿ ಈ ಅಂಶಗಳನ್ನು ಸ್ಪಷ್ಟವಾಗಿ ನಮೂದಿಸಬೇಕು:

(1) ಬ್ಯಾಟರಿಯ ಜಾತಿ, ವೋಲ್ಟ್ ಮತ್ತು ಆಂಪಿಯರ್-ಗಂಟೆ.
(2) ಪೂರ್ಣ ಬೆಳಕಿನಲ್ಲಿ ಕನಿಷ್ಠ ಎಷ್ಟು ಗಂಟೆ ಉರಿಯಬೇಕೆಂಬುದು.
(3) ಬ್ಯಾಟರಿ ಅತಿಯಾಗಿ ತುಂಬದಂತೆ ಮತ್ತು ಅತಿಯಾಗಿ ಬರಿದಾಗದಂತೆ ತಡೆಯುವ ಸರ್ಕ್ಯೂಟ್ ಇರಬೇಕೆಂಬುದು.
(4) ಸ್ಕ್ರೂ ತೆಗೆದು ಬ್ಯಾಟರಿಯನ್ನು ಬದಲಾಯಿಸುವ ಅವಕಾಶ, ಹಾಗೂ ಬದಲಿ ಬ್ಯಾಟರಿಯ ದರ.
(5) ನಿಕಲ್ ಮತ್ತು ಲಿಥಿಯಂ ಬ್ಯಾಟರಿಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಗುರುತು ಮತ್ತು "ಆರ್" ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ.
(6) ದೀಪಕ್ಕೆ ಮಾತ್ರವಲ್ಲದೆ ಬ್ಯಾಟರಿಗೂ ಅನ್ವಯಿಸುವ ಲಿಖಿತ ವಾರಂಟಿ.

ಸುಳ್ಳು ಸಂಖ್ಯೆಗಳ ಬಗ್ಗೆ ವಿಶೇಷ ಎಚ್ಚರ ಅಗತ್ಯ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ "18650" ಎಂಬ ಲಿಥಿಯಂ-ಅಯಾನ್ ಸೆಲ್ ಮಾರುಕಟ್ಟೆಯಲ್ಲಿ ಸಾಮಾನ್ಯ. ಇದರ ನಿಜವಾದ ಸಾಮರ್ಥ್ಯ ಉತ್ತಮ ತಯಾರಿಕೆಯಲ್ಲಿಯೂ ಸುಮಾರು 3500 ಮಿಲಿ ಆಂಪಿಯರ್-ಗಂಟೆ. ಇದೇ ಗಾತ್ರದ ಸೆಲ್ ಮೇಲೆ 6000 ಅಥವಾ 9900 ಎಂದು ಮುದ್ರಿಸಿದ್ದಲ್ಲಿ ಅದು ಸುಳ್ಳು. ನೈಜ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಯೇ ಪರೀಕ್ಷಿಸಬಹುದು. ಬಹಳ ಹಗುರವಿದ್ದರೆ ತಿರಸ್ಕರಿಸಬೇಕು.

ಬಿಲ್ ಪಾವತಿಗೆ ಮುನ್ನ, ಬಂದ ದೀಪಗಳಲ್ಲಿ ಹತ್ತಕ್ಕೊಂದರಂತೆ ಆರಿಸಿ, ಪೂರ್ತಿ ಚಾರ್ಜ್ ಮಾಡಿ, ಹಚ್ಚಿದ ಮತ್ತು ಆರಿದ ಸಮಯವನ್ನು ಬರೆದಿಡಬೇಕು. ನಿರ್ದಿಷ್ಟತೆಯಲ್ಲಿ ಹೇಳಿದ ಗಂಟೆಗಳಿಗೆ ಇದು ತಾಳೆಯಾಗಬೇಕು. ಈ ಪರೀಕ್ಷೆಗೆ ಗಡಿಯಾರವೊಂದನ್ನು ಬಿಟ್ಟು ಬೇರಾವ ಉಪಕರಣವೂ ಬೇಡ.

9. ಸುರಕ್ಷತೆ

• ಸೀಸದ ಬ್ಯಾಟರಿ ಇದ್ದ ದೀಪಕ್ಕೆ ಲಿಥಿಯಂ ಸೆಲ್ ಹಾಕಿಸಬಾರದು. 4 ವೋಲ್ಟ್ ಸೀಸದ ಬ್ಯಾಟರಿಯ ಚಾರ್ಜರ್ 4.8 ವೋಲ್ಟ್‌ವರೆಗೆ ಏರುತ್ತದೆ. ಲಿಥಿಯಂ ಸೆಲ್‌ಗೆ ಅದು ಬೆಂಕಿಯ ಆಹ್ವಾನ. 3.65 ವೋಲ್ಟ್‌ಗೆ ನಿಲ್ಲಬೇಕಾದ ಫಾಸ್ಫೇಟ್ ಸೆಲ್ ಅನ್ನು 4.2 ವೋಲ್ಟ್ ಚಾರ್ಜರ್‌ಗೆ ಹಾಕುವುದೂ ತಪ್ಪು. ದುರಸ್ತಿಗೆ ಕೊಡುವಾಗ ಬ್ಯಾಟರಿಯ ಜಾತಿಯನ್ನು ಬರೆದು ಕೊಡಬೇಕು.
• ಅಗ್ಗದ ದೀಪಗಳ ಒಳಗೆ, ಪ್ಲಗ್‌ನಲ್ಲಿರುವಾಗ, ಮುಖ್ಯ ಲೈನಿನ 230 ವೋಲ್ಟ್ ಕರೆಂಟ್ ನೇರವಾಗಿ ಹರಿಯುತ್ತಿರುತ್ತದೆ. ಚಾರ್ಜ್ ಆಗುತ್ತಿರುವ ದೀಪವನ್ನು ಬಿಚ್ಚಬಾರದು, ಒದ್ದೆ ಕೈಯಿಂದ ಮುಟ್ಟಬಾರದು, ಮಕ್ಕಳ ಕೈಗೆ ಕೊಡಬಾರದು.
• ಉಬ್ಬಿದ, ಸೋರಿದ ಅಥವಾ ಮುಟ್ಟಲಾಗದಷ್ಟು ಬಿಸಿಯಾಗುವ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡದೆ, ಜನರಿಂದ ದೂರ, ಉರಿಯುವ ವಸ್ತುಗಳಿಲ್ಲದ ಬಯಲಿನಲ್ಲಿಡಬೇಕು. ಚುಚ್ಚಬಾರದು.

10. ಹಳೆಯ ಬ್ಯಾಟರಿಗಳ ವಿಲೇವಾರಿ

ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಇತರ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿಟ್ಟು, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿದ ಸಂಸ್ಥೆಗೆ ಒಪ್ಪಿಸುವುದು ಬಳಕೆದಾರರ ಕರ್ತವ್ಯ. ಅವುಗಳನ್ನು ಮರಳಿ ಪಡೆಯುವ ಹೊಣೆಯನ್ನು ನಿಯಮವು ಉತ್ಪಾದಕರ ಮೇಲೂ ಹೊರಿಸಿದೆ. ಸೀಸವು ವಿಷ; ಕಾಲುವೆಯ ದಂಡೆಯಲ್ಲಿ ಒಡೆದು ಬಿಸಾಡಿದ ಬ್ಯಾಟರಿಯ ಸೀಸ ಮಣ್ಣು ಮತ್ತು ನೀರನ್ನು ಸೇರುತ್ತದೆ. ಲಿಥಿಯಂ ಸೆಲ್ ಕಸದ ವಾಹನದಲ್ಲಿ ಜಜ್ಜಿಹೋದರೆ ಬೆಂಕಿ ಹೊತ್ತಬಹುದು. ಸ್ವಚ್ಛ ಸಂಕೀರ್ಣವಿರುವ ಗ್ರಾಮ ಪಂಚಾಯಿತಿಗಳು ಅಲ್ಲಿ ಒಂದು ಪ್ರತ್ಯೇಕ ಪ್ಲಾಸ್ಟಿಕ್ ಡಬ್ಬಿಯನ್ನು ಇರಿಸಿ, ಸೆಲ್‌ಗಳ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಅಂಟಿಸಿ ಸಂಗ್ರಹಿಸಬಹುದು. ಹೊಸ ಬ್ಯಾಟರಿ ಖರೀದಿಸುವಾಗ ಹಳೆಯದನ್ನು ಮರಳಿ ಪಡೆಯುವ ಷರತ್ತನ್ನು ಸೇರಿಸುವುದು ಅತ್ಯಂತ ಸುಲಭದ ಮಾರ್ಗ.

11. ದೀಪಗಳ ವಹಿ

ಪ್ರತಿ ದೀಪಕ್ಕೆ ಕ್ರಮಸಂಖ್ಯೆ ಬರೆದು, ಕಚೇರಿಯಲ್ಲಿ ಒಂದು ವಹಿ ಇಡಬೇಕು. ಅದರಲ್ಲಿ ಖರೀದಿಯ ದಿನಾಂಕ, ಬ್ಯಾಟರಿಯ ಜಾತಿ, ಯಾರ ವಶದಲ್ಲಿದೆ, ಮೊದಲ ದಿನ ಎಷ್ಟು ಗಂಟೆ ಉರಿಯಿತು ಎಂಬ ನಾಲ್ಕು ಕಲಂಗಳು ಸಾಕು. ವರ್ಷಕ್ಕೆ ಎರಡು ಬಾರಿ, ಮಳೆಗಾಲಕ್ಕೆ ಮೊದಲು ಮೇ ಕೊನೆಯಲ್ಲಿ ಹಾಗೂ ನವೆಂಬರ್‌ನಲ್ಲಿ, ಗಡಿಯಾರದ ಪರೀಕ್ಷೆಯನ್ನು ಪುನಃ ಮಾಡಬೇಕು. ಉರಿಯುವ ಅವಧಿ ಮೊದಲಿನ ಶೇ. 80ಕ್ಕೆ ಇಳಿದಲ್ಲಿ ಗಮನದಲ್ಲಿಡಬೇಕು, ಶೇ. 60ಕ್ಕೆ ಇಳಿದಲ್ಲಿ ಬ್ಯಾಟರಿಯನ್ನು ಮಾತ್ರ ಬದಲಾಯಿಸಬೇಕು. ದೀಪವನ್ನೇ ಬಿಸಾಡುವ ಅಗತ್ಯವಿಲ್ಲ. ಈ ವಹಿಯು ಮುಂದಿನ ಖರೀದಿಯಲ್ಲಿ ಯಾವ ದೀಪ ನಿಜವಾಗಿ ಬಾಳಿತು ಎಂಬುದಕ್ಕೆ ಪಂಚಾಯಿತಿಯದೇ ಆದ ಪುರಾವೆಯಾಗುತ್ತದೆ.

ಮಾನ್ಯ ಸದಸ್ಯರು ತಮ್ಮ ಗ್ರಾಮ ಪಂಚಾಯಿತಿಯಲ್ಲಿರುವ ಕೈದೀಪಗಳನ್ನು ಮುಂದಿನ ಸಾಮಾನ್ಯ ಸಭೆಗೆ ತರಿಸಿ, ಎಷ್ಟು ಉರಿಯುತ್ತವೆ, ಎಷ್ಟು ಉರಿಯುವುದಿಲ್ಲ ಎಂಬುದನ್ನು ಪರಿಶೀಲಿಸಬಹುದು. ಹೊಸದನ್ನು ಕೊಳ್ಳುವ ಮುನ್ನ, ಬ್ಯಾಟರಿ ಬದಲಿಸಿದರೆ ಇರುವ ದೀಪಗಳಲ್ಲಿ ಎಷ್ಟು ಮರಳಿ ಬಳಕೆಗೆ ಬರುತ್ತವೆ ಎಂಬುದನ್ನು ಲೆಕ್ಕ ಹಾಕಬೇಕು. ನೀರುಗಂಟಿಯ ಮತ್ತು ನಡುಗಡ್ಡೆಯ ದೀಪಗಳಿಗೆ ಮೊದಲ ಆದ್ಯತೆ ನೀಡಬೇಕೆಂದು ಕೋರಲಾಗಿದೆ.